ಬಿಚ್ಚುವ ಕೈ, ಮಡಿಸುವ ಕೈ: ರಕ್ತದ ಕ್ಯಾನ್ಸರ್‌ನಲ್ಲಿ ಎಚ್‌ಡ್ಯಾಕ್ ಕಿಣ್ವಗಳ ಕಥೆ

ಚಿಕ್ಕಪ್ಪನ ಬೆನ್ನಿನ ಮೇಲಿನ ಕೆಂಪು ಮಚ್ಚೆಗಳಿಗೆ ಆರು ವರ್ಷ ಮುಲಾಮು ಹಚ್ಚಿದೆವು. ಒಬ್ಬರು ಎಕ್ಸಿಮಾ ಎಂದರು, ಇನ್ನೊಬ್ಬರು ಅಲರ್ಜಿ ಎಂದರು. ಸ್ವಲ್ಪ ದಿನ ಕಡಿಮೆಯಾಗುವುದು, ಮತ್ತೆ ಜಾಸ್ತಿಯಾಗುವುದು. ಕೊನೆಗೆ ಒಬ್ಬ ಚರ್ಮದ ಡಾಕ್ಟರು ಕಡಲೆಕಾಳಿನಷ್ಟು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟಿನಲ್ಲಿ 'ಮೈಕೋಸಿಸ್ ಫಂಗಾಯ್ಡಿಸ್' ಎಂದಿತ್ತು. ಹೆಸರು ಓದಿ ಇದು ಯಾವುದೋ ಫಂಗಸ್ ಎಂದುಕೊಂಡು ಮನೆಯವರೆಲ್ಲ ನಿರಾಳರಾದೆವು.

ಅದು ಫಂಗಸ್ ಅಲ್ಲ. ಇನ್ನೂರು ವರ್ಷಗಳ ಹಿಂದೆ ಫ್ರಾನ್ಸಿನ ಡಾಕ್ಟರೊಬ್ಬರಿಗೆ ರೋಗಿಯ ಮೈಮೇಲಿನ ಗಡ್ಡೆಗಳು ಅಣಬೆಯ ಹಾಗೆ ಕಂಡವು, ಅದಕ್ಕೆ ಆ ಹೆಸರು. ನಿಜವಾಗಿ ಅದು ಚರ್ಮಕ್ಕೆ ಬಂದು ಕೂತ ಟಿ ಕೋಶಗಳ ಕ್ಯಾನ್ಸರ್. ಟಿ ಕೋಶ ಎಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಹಾಗಾಗಿ ಕಾಣುವುದು ಚರ್ಮದ ಮೇಲಾದರೂ ಇದು ಸೇರುವುದು ರಕ್ತದ ಕ್ಯಾನ್ಸರ್‌ಗಳ ಮನೆತನಕ್ಕೆ. ಎಕ್ಸಿಮಾದ ವೇಷದಲ್ಲಿ ವರ್ಷಗಟ್ಟಲೆ ಅಡಗಿಕೊಂಡಿರುವುದು ಈ ಕಾಯಿಲೆಯ ಗುಣ. ವಾಸಿಯಾಗದ ಮಚ್ಚೆ ಇದ್ದವರು ಒಮ್ಮೆ ಬಯಾಪ್ಸಿ ಬಗ್ಗೆ ಕೇಳಿ ನೋಡಿ.

ಚಿಕ್ಕಪ್ಪನದು ಮೊದಲ ಹಂತ. ಈಗ ಬೆಳಕಿನ ಚಿಕಿತ್ಸೆ ನಡೆಯುತ್ತಿದೆ, ಮಚ್ಚೆಗಳು ಮಸುಕಾಗುತ್ತಿವೆ. ಮುಂದೆಂದಾದರೂ ಬೇಕಾದರೆ ಎಂದು ಡಾಕ್ಟರು ಇನ್ನೂ ಕೆಲವು ಔಷಧಿಗಳ ಮಾತಾಡಿದರು. ಅದರಲ್ಲಿ ಒಂದು 'ಹಿಸ್ಟೋನ್ ಡಿಅಸಿಟೈಲೇಸ್ ಇನ್ಹಿಬಿಟರ್'. ಮನೆಗೆ ಬರುವಾಗ ಮೆಟ್ರೋದಲ್ಲಿ ಚಿಕ್ಕಮ್ಮ ಕೇಳಿದರು: "ನೀನು ಬಯಾಲಜಿ ಓದಿದವಳಲ್ವೇನೇ? ಆ ಔಷಧಿ ಏನು ಮಾಡುತ್ತೆ ಅಂತ ನನಗೆ ಅರ್ಥ ಆಗೋ ಹಾಗೆ ಹೇಳು."

"ಒಂದು ಕಿಣ್ವವನ್ನ ತಡೆಯುತ್ತೆ ಚಿಕ್ಕಮ್ಮ" ಎಂದೆ. ಅವರು ಸುಮ್ಮನೆ ತಲೆ ಆಡಿಸಿದರು. ಅರ್ಥವಾಗದಿದ್ದಾಗ ಅವರು ತಲೆ ಆಡಿಸುವುದು ಹಾಗೆಯೇ.

ಸರಿಯಾದ ಉತ್ತರ ಸಿಕ್ಕಿದ್ದು ಅವರ ಮಗಳ ಮದುವೆ ಸೀರೆಗೆಂದು ಚಿಕ್ಕಪೇಟೆಗೆ ಹೋದ ದಿನ. ಬಿಳಿ ಗಾದಿಯ ಮೇಲೆ ಕೂತಿದ್ದೆವು. ಅಂಗಡಿಯವರು ಒಂದರ ಮೇಲೊಂದು ಸೀರೆ ಬಿಚ್ಚಿ ಹರಡುತ್ತಿದ್ದರು. ಮಡಿಸಿಟ್ಟ ಸೀರೆಯಲ್ಲಿ ಬಣ್ಣ ಒಂದಿಷ್ಟು ಕಾಣುತ್ತದೆ, ಅಂಚು ಸ್ವಲ್ಪ ಕಾಣುತ್ತದೆ. ಸೆರಗಿನ ಕೆಲಸ ನೋಡಬೇಕಾದರೆ ಬಿಚ್ಚಲೇಬೇಕು. ಪಕ್ಕದಲ್ಲಿ ಒಬ್ಬ ಹುಡುಗ ಕೂತು, ನಾವು ಬೇಡ ಎಂದದ್ದನ್ನೆಲ್ಲ ಮತ್ತೆ ಮಡಿಸುತ್ತಿದ್ದ. ನಮ್ಮ ಕಣ್ಣೆಲ್ಲ ಬಿಚ್ಚುವವರ ಮೇಲೆ. ಆದರೆ ಆ ಹುಡುಗ ಅರ್ಧ ಗಂಟೆ ಎದ್ದು ಹೋದರೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

"ಚಿಕ್ಕಮ್ಮ, ನೀವು ಕೇಳಿದ್ರಲ್ಲ, ಆ ಹುಡುಗನೇ ಹಿಸ್ಟೋನ್ ಡಿಅಸಿಟೈಲೇಸ್" ಎಂದೆ.

ಈಗ ಕೋಶದ ಒಳಗೆ ಹೋಗೋಣ. ನಮ್ಮ ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ದಾರವಿದೆ. ಅದು ತುಂಬಿರುವ ಕೋಶಕೇಂದ್ರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕದು. ಹೇಗೆ ಹಿಡಿಸುತ್ತದೆ? ಹಿಸ್ಟೋನ್ ಎಂಬ ಪ್ರೋಟೀನುಗಳು ಎಂಟೆಂಟು ಸೇರಿ ಪುಟ್ಟ ಉಂಡೆಗಳಾಗುತ್ತವೆ. ಡಿಎನ್‌ಎ ಪ್ರತಿ ಉಂಡೆಗೂ ಎರಡು ಸುತ್ತಿಗೆ ಸ್ವಲ್ಪ ಕಡಿಮೆ ಸುತ್ತಿಕೊಳ್ಳುತ್ತದೆ. ಒಂದು ಉಂಡೆಯ ಮೇಲೆ 147 ಅಕ್ಷರ ಜೋಡಿಗಳಷ್ಟು ದಾರ. ಇಂಥ ಉಂಡೆಗಳು ಒಂದು ಕೋಶದಲ್ಲಿ ಸುಮಾರು 3 ಕೋಟಿ ಇವೆ. ಬಿಗಿಯಾಗಿ ಸುತ್ತಿ ಒತ್ತಾಗಿ ಜೋಡಿಸಿಟ್ಟ ಕಡೆ ಜೀನ್ ಇದ್ದರೂ ಅದನ್ನು ಓದಲಾಗುವುದಿಲ್ಲ. ಸಡಿಲವಾದ ಕಡೆ ಮಾತ್ರ ಓದುವ ಯಂತ್ರ ಬಂದು ಕೂರಬಲ್ಲದು.

ಬಿಗಿ, ಸಡಿಲ ಎಂಬುದನ್ನು ನಿರ್ಧರಿಸುವುದು ಬಹಳ ಸರಳವಾದ ಒಂದು ಸಂಗತಿ. ಹಿಸ್ಟೋನ್ ಉಂಡೆಗಳಿಂದ ಬಾಲದಂಥ ಎಳೆಗಳು ಹೊರಗೆ ಚಾಚಿಕೊಂಡಿರುತ್ತವೆ. ಆ ಬಾಲಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲಗಳಿವೆ. ಅವುಗಳ ಮೇಲೆ ಪಾಸಿಟಿವ್ ಚಾರ್ಜ್, ಡಿಎನ್‌ಎ ಮೇಲೆ ನೆಗೆಟಿವ್ ಚಾರ್ಜ್. ಹಾಗಾಗಿ ಎರಡೂ ಅಂಟಿಕೊಳ್ಳುತ್ತವೆ. ಲೈಸಿನ್ ಮೇಲೆ ಅಸಿಟೈಲ್ ಎಂಬ ಪುಟ್ಟ ತುಣುಕನ್ನು ಕೂರಿಸಿದರೆ ಆ ಚಾರ್ಜ್ ಹೋಗಿಬಿಡುತ್ತದೆ. ಹಿಡಿತ ಸಡಿಲವಾಗುತ್ತದೆ. ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವಿದೆಯಲ್ಲ, ಈ ತುಣುಕು ಅದರದೇ ಸಂಬಂಧಿ. ಚಾರ್ಜ್ ತೆಗೆಯುವುದಷ್ಟೇ ಅಲ್ಲ, 'ಇಲ್ಲಿ ಓದಿ' ಎಂಬ ಗುರುತಿನ ಹಾಗೂ ಅದು ಕೆಲಸ ಮಾಡುತ್ತದೆ. ಆ ಗುರುತನ್ನು ಹುಡುಕಿ ಬಂದು ಕೂರುವ ಪ್ರೋಟೀನುಗಳೇ ಬೇರೆ ಇವೆ.

ಕಿಣ್ವ ಎಂದರೆ ಕೋಶದಲ್ಲಿ ಇಂಥ ರಾಸಾಯನಿಕ ಕೆಲಸ ನಡೆಸುವ ಪ್ರೋಟೀನು. ಅಸಿಟೈಲ್ ಕೂರಿಸುವ ಕಿಣ್ವಗಳು ಸೀರೆ ಬಿಚ್ಚುವ ಕೈಗಳು. ಅದನ್ನು ಕಿತ್ತು ತೆಗೆಯುವ ಕಿಣ್ವಗಳು ಮಡಿಸುವ ಕೈಗಳು. ಈ ಎರಡನೆಯವೇ ಹಿಸ್ಟೋನ್ ಡಿಅಸಿಟೈಲೇಸ್‌ಗಳು. ಲ್ಯಾಬಿನವರು ಚಿಕ್ಕದಾಗಿ ಎಚ್‌ಡ್ಯಾಕ್ ಎನ್ನುತ್ತಾರೆ.

ಅಸಿಟೈಲ್‌ಗೂ ಜೀನ್ ಓದುವುದಕ್ಕೂ ನಂಟಿದೆ ಎಂದು ಅಮೆರಿಕದ ವಿನ್ಸೆಂಟ್ ಆಲ್‌ಫ್ರಿ 1964ರಲ್ಲೇ ಹೇಳಿದ್ದರು. ಆದರೆ ಆ ಕೈಗಳು ಯಾರವು ಎಂದು ಗೊತ್ತಾಗಲು ಮೂವತ್ತು ವರ್ಷ ಕಾಯಬೇಕಾಯಿತು. 1996ರಲ್ಲಿ ಡೇವಿಡ್ ಆಲಿಸ್ ಅವರ ತಂಡ, ಜೀನ್‌ಗಳನ್ನು ಚಾಲೂ ಮಾಡುತ್ತದೆಂದು ಮೊದಲೇ ಗೊತ್ತಿದ್ದ ಪ್ರೋಟೀನೊಂದು ಬಿಚ್ಚುವ ಕೈಯೂ ಹೌದೆಂದು ತೋರಿಸಿತು. ಅದೇ ವರ್ಷ ಸ್ಟುವರ್ಟ್ ಶ್ರೈಬರ್ ಅವರ ತಂಡ ಮಡಿಸುವ ಕೈಯನ್ನು ಹಿಡಿಯಿತು. ಅದೇ ಎಚ್‌ಡ್ಯಾಕ್1. ಈಗ ಮನುಷ್ಯರಲ್ಲಿ ಇಂಥ 18 ಕಿಣ್ವಗಳು ಗೊತ್ತಿವೆ. 11 ಸತುವಿನ ಪರಮಾಣುವನ್ನು ಹಿಡಿದುಕೊಂಡು ಕೆಲಸ ಮಾಡುತ್ತವೆ. ಉಳಿದ 7 ಸರ್ಟುಯಿನ್‌ಗಳು, ಅವುಗಳ ದಾರಿ ಬೇರೆ. ನಾನಿಲ್ಲಿ ಹೇಳುವುದೆಲ್ಲ ಆ 11ರ ಬಗ್ಗೆ.

ಒಂದು ಮಾತನ್ನು ಇಲ್ಲೇ ಒತ್ತಿ ಹೇಳಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಯಾವ ಸೀರೆ ಮಡಿಸಬೇಕು ಎಂದು ಆ ಹುಡುಗ ತಾನಾಗಿ ನಿರ್ಧರಿಸುವುದಿಲ್ಲ. ಅವನ ಕೈಗೆ ಕೊಟ್ಟದ್ದನ್ನು ಮಡಿಸುತ್ತಾನೆ. ಎಚ್‌ಡ್ಯಾಕ್‌ಗಳೂ ಹಾಗೆಯೇ. ಡಿಎನ್‌ಎಯ ಯಾವ ಜಾಗಕ್ಕೆ ಹೋಗಬೇಕು ಎಂಬುದು ಅವುಗಳಿಗೆ ತಿಳಿಯದು. ಡಿಎನ್‌ಎ ಅಕ್ಷರಗಳನ್ನು ಗುರುತಿಸಬಲ್ಲ ಬೇರೆ ಪ್ರೋಟೀನುಗಳು ಅವುಗಳನ್ನು ಕೈಹಿಡಿದು ಕರೆದೊಯ್ಯುತ್ತವೆ. ಮಡಿಸುವ ಕೈಯಲ್ಲಿ ದೋಷವಿಲ್ಲದಿದ್ದರೂ ಕರೆದೊಯ್ಯುವವರು ತಪ್ಪಿದರೆ ಅನಾಹುತವಾಗುತ್ತದೆ. ರಕ್ತದ ಕ್ಯಾನ್ಸರ್‌ಗಳಲ್ಲಿ ಹಲವು ಸಲ ಆಗಿರುವುದು ಇದೇ.

ಇದಕ್ಕೆಲ್ಲ ರೋಗನಿರೋಧಕ ಕೋಶಗಳೇ ಯಾಕೆ ಮುಖ್ಯ? ಯಕೃತ್ತಿನ ಕೋಶವೊಂದು ಯಕೃತ್ತಿನ ಕೋಶವಾಗಿಯೇ ಬಾಳುತ್ತದೆ. ಅದರ ಅಂಗಡಿಯಲ್ಲಿ ದಿನವೂ ಹೆಚ್ಚುಕಡಿಮೆ ಅವವೇ ಸೀರೆಗಳು. ಟಿ ಕೋಶಗಳ, ಪ್ರತಿಕಾಯ ಮಾಡುವ ಬಿ ಕೋಶಗಳ ಬಾಳು ಹಾಗಲ್ಲ. ಹುಟ್ಟುವುದು ಮೂಳೆಮಜ್ಜೆಯಲ್ಲಿ. ಟಿ ಕೋಶಗಳು ಪರೀಕ್ಷೆ ಕೊಡುವುದು ಇನ್ನೊಂದು ಕಡೆ. ವರ್ಷಗಟ್ಟಲೆ ಸುಮ್ಮನೆ ತಿರುಗಾಡಿ, ಒಂದು ವೈರಸ್ ಕಂಡ ಕ್ಷಣ ಸಿಡಿದೆದ್ದು ಸಾವಿರಗಟ್ಟಲೆ ಮರಿಗಳಾಗಬೇಕು. ಸೋಂಕು ಹೋದ ಮೇಲೆ ಹೆಚ್ಚಿನವು ಸಾಯಬೇಕು, ಕೆಲವು ನೆನಪು ಇಟ್ಟುಕೊಂಡು ಉಳಿಯಬೇಕು. ಒಂದೊಂದು ತಿರುವಿನಲ್ಲೂ ನೂರಾರು ಜೀನ್‌ಗಳನ್ನು ಬಿಚ್ಚಬೇಕು, ನೂರಾರನ್ನು ಮಡಿಸಬೇಕು. ಇವುಗಳ ಅಂಗಡಿಯಲ್ಲಿ ದಿನವೂ ಶ್ರಾವಣ ಮಾಸ.

ಎದೆಗೂಡಿನಲ್ಲಿ, ಹೃದಯದ ಮೇಲ್ಗಡೆ, ಥೈಮಸ್ ಎಂಬ ಗ್ರಂಥಿಯಿದೆ. ಟಿ ಕೋಶಗಳ ಪರೀಕ್ಷೆ ನಡೆಯುವುದು ಅಲ್ಲಿ. ಬಹಳ ಕಠಿಣ ಪರೀಕ್ಷೆ. ಬಂದ 100ರಲ್ಲಿ 95ಕ್ಕೂ ಹೆಚ್ಚು ಕೋಶಗಳು ಅಲ್ಲೇ ಸಾಯುತ್ತವೆ. ಕೆಲಸಕ್ಕೆ ಬಾರದವು ಸಾಯುತ್ತವೆ. ನಮ್ಮ ದೇಹದ ಮೇಲೆಯೇ ತಿರುಗಿ ಬೀಳಬಲ್ಲವೂ ಸಾಯುತ್ತವೆ. ಈ ಕೊನೆಯ ಬಗೆಯ ಸಾವಿಗೆ ನರ್77 ಎಂಬ ಜೀನ್ ಬೇಕು. ಪರೀಕ್ಷೆಗೆ ಮುಂಚೆ ಎಚ್‌ಡ್ಯಾಕ್7 ಅದನ್ನು ಮಡಿಸಿಟ್ಟಿರುತ್ತದೆ. ಕೋಶದ ಹೊರಗಿನಿಂದ ಬಲವಾದ ಸಂಕೇತ ಬಂದಾಗ ಎಚ್‌ಡ್ಯಾಕ್7 ಕೋಶಕೇಂದ್ರ ಬಿಟ್ಟು ಹೊರನಡೆಯುತ್ತದೆ. ಆಗ ನರ್77 ಬಿಚ್ಚಿಕೊಂಡು ಅಪಾಯಕಾರಿ ಕೋಶ ಸಾಯುತ್ತದೆ. ಹೊರಗೆ ಹೋಗಲು ಆಗದಂತೆ ಬದಲಾಯಿಸಿದ ಎಚ್‌ಡ್ಯಾಕ್7 ಇರುವ ಇಲಿಗಳನ್ನು ವಿಜ್ಞಾನಿಗಳು ಬೆಳೆಸಿ ನೋಡಿದರು. ಸಾಯಬೇಕಾಗಿದ್ದ ಕೋಶಗಳು ಉಳಿದುಕೊಂಡವು. ಹೊರಗೆ ಬಂದು ಆ ಇಲಿಗಳ ಸ್ವಂತ ಅಂಗಗಳ ಮೇಲೆಯೇ ದಾಳಿ ಮಾಡಿದವು. ಒಂದು ಕೈ ಸರಿಯಾದ ಹೊತ್ತಿಗೆ ಹಿಂದೆ ಸರಿಯದಿದ್ದರೆ ಇಷ್ಟೆಲ್ಲ ಆಗುತ್ತದೆ.

ಇದರ ಎದುರು ಬದಿಯಲ್ಲಿ ಸಮಾಧಾನ ಮಾಡುವ ಟಿ ಕೋಶಗಳೂ ಇವೆ. ಜಗಳ ಅತಿಯಾಗದಂತೆ ತಡೆಯುವುದು ಅವುಗಳ ಕೆಲಸ. 2013ರಲ್ಲಿ ಬಂದ ಕೆಲವು ಇಲಿ ಪ್ರಯೋಗಗಳು ನನಗೆ ಬಹಳ ಇಷ್ಟ. ನಾವು ತಿಂದ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುಳಿಯಿಸಿ ಬ್ಯುಟಿರೇಟ್ ಎಂಬ ಪುಟ್ಟ ಅಣುವನ್ನು ಮಾಡುತ್ತವೆ. ಅದು ಎಚ್‌ಡ್ಯಾಕ್‌ಗಳನ್ನು ತಡೆಯಬಲ್ಲದು. ಅದು ಇದ್ದಾಗ ಕರುಳಿನಲ್ಲಿ ಸಮಾಧಾನದ ಟಿ ಕೋಶಗಳು ಜಾಸ್ತಿಯಾದವು. ರಾಗಿ ಮುದ್ದೆ, ಸೊಪ್ಪಿನ ಸಾರು ತಿಂದವರ ಹೊಟ್ಟೆಯಲ್ಲೂ ಬ್ಯುಟಿರೇಟ್ ಹುಟ್ಟುತ್ತದೆ. ಹಾಗೆಂದು ಮುದ್ದೆಯಿಂದ ಕ್ಯಾನ್ಸರ್ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ.

ಈಗ ಬಿ ಕೋಶಗಳಿಗೆ ಬರೋಣ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವ ಕಥೆ ಇದು. ಸೋಂಕು ಬಂದಾಗ ಕತ್ತಿನಲ್ಲಿ, ಕಂಕುಳಲ್ಲಿ ಗಂಟು ಊದಿಕೊಳ್ಳುತ್ತದೆಯಲ್ಲ, ಆ ಗಂಟುಗಳ ಒಳಗೆ ಬಿ ಕೋಶಗಳು ಭರದಿಂದ ಇಮ್ಮಡಿಯಾಗುತ್ತಿರುತ್ತವೆ. ಇನ್ನೂ ಒಳ್ಳೆಯ ಪ್ರತಿಕಾಯ ಮಾಡಬೇಕೆಂದು ಅವು ಬೇಕೆಂದೇ ತಮ್ಮ ಪ್ರತಿಕಾಯದ ಜೀನ್‌ನಲ್ಲಿ ತಿದ್ದುಪಡಿ ಮಾಡಿಕೊಳ್ಳುತ್ತವೆ. ಮಾಮೂಲಿ ಕೋಶದಲ್ಲಿ ಡಿಎನ್‌ಎ ಹಾಗೆ ಹರಿದರೆ ತಕ್ಷಣ ಅಲಾರಂ ಹೊಡೆದು ಇಮ್ಮಡಿಯಾಗುವುದು ನಿಲ್ಲುತ್ತದೆ. ಇಲ್ಲಿ ಅಲಾರಂ ಹೊಡೆದರೆ ಕೆಲಸ ಕೆಡುತ್ತದೆ. ಅದಕ್ಕೆ ಬಿಸಿಎಲ್6 ಎಂಬ ಪ್ರೋಟೀನು ಎಚ್‌ಡ್ಯಾಕ್3ನ್ನು ಕರೆತಂದು ಅಲಾರಂ ಜೀನ್‌ಗಳನ್ನು ತಾತ್ಕಾಲಿಕವಾಗಿ ಮಡಿಸಿಡುತ್ತದೆ. 'ನಾನು ಹೀಗಿದ್ದೇನೆ, ಬಂದು ಪರೀಕ್ಷಿಸಿ' ಎಂದು ಟಿ ಕೋಶಗಳಿಗೆ ತೋರಿಸಿಕೊಳ್ಳುವ ಜೀನ್‌ಗಳನ್ನೂ ಮಡಿಸುತ್ತದೆ. ಕೆಲಸ ಮುಗಿದ ಮೇಲೆ ಕ್ರೆಬ್‌ಬಿಪಿ ಎಂಬ ಬಿಚ್ಚುವ ಕೈ ಬಂದು ಅವನ್ನೆಲ್ಲ ಮತ್ತೆ ತೆರೆಯುತ್ತದೆ. ಕೋಶ ಸಹಜ ಸ್ಥಿತಿಗೆ ಮರಳುತ್ತದೆ.

ಮಡಿಸಿದ್ದನ್ನು ಬಿಚ್ಚುವ ಆ ಕೈಯೇ ಮುರಿದರೆ?

ಫಾಲಿಕ್ಯುಲರ್ ಲಿಂಫೋಮಾ ಎಂಬ ಬಿ ಕೋಶಗಳ ಕ್ಯಾನ್ಸರ್ ಇರುವ ಅರ್ಧಕ್ಕೂ ಹೆಚ್ಚು ಜನರಲ್ಲಿ ಕ್ರೆಬ್‌ಬಿಪಿ ಜೀನ್ ಕೆಟ್ಟಿರುತ್ತದೆ. ಇದು ಬೆಳಕಿಗೆ ಬಂದದ್ದು 2011ರ ಸುಮಾರಿಗೆ. ಎಚ್‌ಡ್ಯಾಕ್3 ತನ್ನ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ, ಆದರೆ ಎದುರಾಳಿ ಇಲ್ಲ. ಸ್ವಲ್ಪ ಹೊತ್ತಿಗೆಂದು ಮಡಿಸಿದ್ದು ಶಾಶ್ವತವಾಗಿ ಮಡಿಸಿಯೇ ಉಳಿಯುತ್ತದೆ. ಅಲಾರಂ ಹೊಡೆಯುವುದಿಲ್ಲ. ಟಿ ಕೋಶಗಳಿಗೆ ಮುಖ ತೋರಿಸುವುದಿಲ್ಲ. ಕೋಶ ಇಮ್ಮಡಿಯಾಗುತ್ತಲೇ ಹೋಗುತ್ತದೆ. 2017ರಲ್ಲಿ ಪ್ರಕಟವಾದ ಕೆಲಸವೊಂದರಲ್ಲಿ ಇಂಥ ಕೋಶಗಳಲ್ಲಿ ಎಚ್‌ಡ್ಯಾಕ್3ನ್ನು ತಡೆದು ನೋಡಿದರು. ಮುಚ್ಚಿದ್ದ ಜೀನ್‌ಗಳು ಮತ್ತೆ ತೆರೆದವು. ಕೋಶಗಳು ಮತ್ತೆ ಟಿ ಕೋಶಗಳ ಕಣ್ಣಿಗೆ ಬಿದ್ದವು. ಮುರಿದ ಕೈಯನ್ನು ಸರಿ ಮಾಡಲಾಗದಿದ್ದರೆ ಎದುರಿನ ಕೈಯನ್ನು ಹಿಡಿದು ನಿಲ್ಲಿಸಬಹುದು ಎಂಬ ಈ ಯೋಚನೆ ನನಗೆ ತುಂಬಾ ಭರವಸೆ ಕೊಡುತ್ತದೆ.

ಇನ್ನೊಂದು ಉದಾಹರಣೆ ಎಪಿಎಲ್ ಎಂಬ ಲ್ಯುಕೇಮಿಯಾ, ಅಂದರೆ ಮೂಳೆಮಜ್ಜೆಯಲ್ಲಿ ಹುಟ್ಟುವ ರಕ್ತದ ಕ್ಯಾನ್ಸರ್. ಒಂದು ಕಾಲಕ್ಕೆ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ಜೀವ ತೆಗೆಯುತ್ತಿದ್ದ ಕಾಯಿಲೆ. ಇದರಲ್ಲಿ 15ನೇ ಮತ್ತು 17ನೇ ಕ್ರೋಮೋಸೋಮ್‌ಗಳು ತುಂಡಾಗಿ ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಎರಡು ಜೀನ್‌ಗಳು ಕೂಡಿಕೊಂಡು ಒಂದು ಹೊಸ ಪ್ರೋಟೀನು ಹುಟ್ಟುತ್ತದೆ. ಅದು ಮಡಿಸುವ ಕೈಗಳನ್ನು ಬಿಡದೆ ಹಿಡಿದು, ಬಿಳಿ ರಕ್ತಕಣ ದೊಡ್ಡದಾಗಲು ಬೇಕಾದ ಜೀನ್‌ಗಳ ಮೇಲೆ ಕೂರಿಸುತ್ತದೆ. ಕೋಶ ಬೆಳೆದು ಕೆಲಸಕ್ಕೆ ಹೋಗುವುದಿಲ್ಲ, ಎಳಸಾಗಿಯೇ ಉಳಿದು ಮಜ್ಜೆಯನ್ನು ತುಂಬುತ್ತದೆ. ವಿಟಮಿನ್ ಎ ಬಳಗದ ಆಟ್ರಾ ಎಂಬ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಆ ಪ್ರೋಟೀನು ಹಿಡಿತ ಬಿಡುತ್ತದೆ, ಕೋಶಗಳು ಬೆಳೆದು ತಾವಾಗಿಯೇ ಮುಗಿಯುತ್ತವೆ. ಶಾಂಘೈನ ವೈದ್ಯರು ಇದನ್ನು 1980ರ ದಶಕದಲ್ಲೇ ಮಾಡಿ ತೋರಿಸಿದ್ದರು. ಎಚ್‌ಡ್ಯಾಕ್‌ಗಳ ಪಾತ್ರ ಬೆಳಕಿಗೆ ಬಂದದ್ದು 1998ರಲ್ಲಿ, ಅಂದರೆ ಔಷಧಿ ಮೊದಲು, ಕಾರಣ ಆಮೇಲೆ. ಆಟ್ರಾ ಜೊತೆಗೆ, ಆ ಪ್ರೋಟೀನನ್ನೇ ನಾಶ ಮಾಡುವ ಆರ್ಸೆನಿಕ್ ಸೇರಿತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪಾಯ ಕಡಿಮೆ ಅಥವಾ ಮಧ್ಯಮವಾಗಿದ್ದ ರೋಗಿಗಳಲ್ಲಿ 100ಕ್ಕೆ 97 ಮಂದಿ ಎರಡು ವರ್ಷದ ನಂತರವೂ ಕಾಯಿಲೆಯ ತೊಂದರೆಯಿಲ್ಲದೆ ಇದ್ದರು. ಎಪಿಎಲ್ ಗೆಲುವಿಗೆ ಎಚ್‌ಡ್ಯಾಕ್ ತಡೆಯುವ ಔಷಧಿ ಬೇಕಾಗಲೇ ಇಲ್ಲ. ತಪ್ಪು ದಾರಿಗೆ ಕರೆದೊಯ್ದವನನ್ನೇ ಹಿಡಿದರು, ಅಷ್ಟೇ ಸಾಕಾಯಿತು.

ಹಾಗಾದರೆ ಎಚ್‌ಡ್ಯಾಕ್ ತಡೆಯುವ ಔಷಧಿಗಳು ಎಲ್ಲಿಂದ ಬಂದವು? ಅಲ್ಲಿಯೂ ಕಾರಣ ಗೊತ್ತಾಗುವ ಮೊದಲೇ ಕೆಲಸ ಶುರುವಾಗಿತ್ತು. 1971ರಲ್ಲಿ ಶಾರ್ಲೆಟ್ ಫ್ರೆಂಡ್ ಎಂಬ ಅಮೆರಿಕದ ವಿಜ್ಞಾನಿ, ಇಲಿಯ ಲ್ಯುಕೇಮಿಯಾ ಕೋಶಗಳ ಮೇಲೆ ಡಿಎಂಎಸ್‌ಒ ಎಂಬ ಮಾಮೂಲಿ ದ್ರಾವಕ ಹಾಕಿದಾಗ ಅವು ಹೀಮೋಗ್ಲೋಬಿನ್ ಮಾಡಲು ಶುರುಮಾಡಿದ್ದನ್ನು ವರದಿ ಮಾಡಿದರು. ಕ್ಯಾನ್ಸರ್ ಕೋಶ ಸಾಯಲಿಲ್ಲ, ದೊಡ್ಡದಾಗಿ ಕೆಂಪು ರಕ್ತಕಣದ ದಾರಿ ಹಿಡಿಯಿತು. ಪಾಲ್ ಮಾರ್ಕ್ಸ್ ಎಂಬ ವೈದ್ಯ, ರೊನಾಲ್ಡ್ ಬ್ರೆಸ್ಲೋ ಎಂಬ ರಸಾಯನ ವಿಜ್ಞಾನಿ ಸೇರಿ ಅದಕ್ಕಿಂತ ಬಲವಾದ ಅಣುಗಳನ್ನು ಒಂದೊಂದಾಗಿ ಮಾಡುತ್ತಾ ಹೋದರು. ಅದು ಕೋಶದ ಒಳಗೆ ಯಾವುದಕ್ಕೆ ಅಂಟುತ್ತದೆಂದು ಅವರಿಗೆ ಬಹಳ ಕಾಲ ಗೊತ್ತೇ ಇರಲಿಲ್ಲ. 1990ರ ದಶಕದ ಕೊನೆಗೆ ಗುಟ್ಟು ಹೊರಬಂತು. ಅವರ ಅಣು ಎಚ್‌ಡ್ಯಾಕ್‌ನ ಕಿರಿದಾದ ಕುಳಿಯೊಳಗೆ ನುಗ್ಗಿ, ತಳದಲ್ಲಿದ್ದ ಸತುವನ್ನು ಹಿಡಿದು, ಕಿಣ್ವವನ್ನು ಅಲ್ಲಿಗೇ ನಿಲ್ಲಿಸುತ್ತಿತ್ತು. ವೋರಿನೋಸ್ಟಾಟ್ ಎಂಬ ಹೆಸರಿನಲ್ಲಿ ಅದಕ್ಕೆ 2006ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಯಾವ ಕಾಯಿಲೆಗೆ ಗೊತ್ತೇ? ಚಿಕ್ಕಪ್ಪನಿಗೆ ಇರುವ ಬಗೆಯ, ಚರ್ಮದ ಟಿ ಕೋಶ ಲಿಂಫೋಮಾಗೆ. 1971ರಿಂದ ಲೆಕ್ಕ ಹಾಕಿದರೆ 35 ವರ್ಷ.

ಎರಡನೆಯದು ರೋಮಿಡೆಪ್ಸಿನ್, 2009ರಲ್ಲಿ ಬಂತು. ಜಪಾನಿನ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಇದನ್ನು ತಾನಾಗಿಯೇ ತಯಾರಿಸುತ್ತದೆ. ಕೋಶದ ಹೊರಗೆ ಅದು ಕೊಂಡಿ ಹಾಕಿದ ಪೆಟ್ಟಿಗೆಯಂತೆ ಇರುತ್ತದೆ. ಒಳಗೆ ಹೋದ ಮೇಲೆ ಕೊಂಡಿ ಕಳಚಿ ಸತುವನ್ನು ಹಿಡಿಯುವ ತುದಿ ಹೊರಬರುತ್ತದೆ. ಆಮೇಲೆ 2014ರಲ್ಲಿ ಬೆಲಿನೋಸ್ಟಾಟ್, ಅದೇ ವರ್ಷ ಚೀನಾದಲ್ಲಿ ಚಿಡಮೈಡ್, 2015ರಲ್ಲಿ ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರ್‌ಗೆ ಪ್ಯಾನೋಬಿನೋಸ್ಟಾಟ್.

ಫಿಟ್ಸ್‌ಗೆ ಕೊಡುವ ವಾಲ್‌ಪ್ರೋಯೇಟ್ ಹೆಸರು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಗೊತ್ತು. ನಿಮ್ಹಾನ್ಸ್‌ಗೆ ಓಡಾಡಿದ ಕುಟುಂಬಗಳಿಗಂತೂ ಚೆನ್ನಾಗಿ ಗೊತ್ತು. ಅದೂ ಎಚ್‌ಡ್ಯಾಕ್‌ಗಳನ್ನು ತಡೆಯುತ್ತದೆ ಎಂದು 2001ರಲ್ಲಿ ತಿಳಿಯಿತು. ಅದು ದಶಕಗಳಿಂದ ಬಳಕೆಯಲ್ಲಿದ್ದ ಔಷಧಿ! ಬಸುರಿಯರು ಅದನ್ನು ತೆಗೆದುಕೊಂಡರೆ ಮಗುವಿಗೆ ಅಪಾಯ ಎಂಬ ಎಚ್ಚರಿಕೆ ಇದೆಯಲ್ಲ, ಅದರ ಹಿಂದೆಯೂ ಈ ಗುಣದ ಪಾಲು ಇರಬಹುದು. ಈಗ ಅದನ್ನು ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಕ್ಯಾನ್ಸರ್‌ನಲ್ಲಿ ಈ ಔಷಧಿಗಳಿಂದ ಎಷ್ಟು ಉಪಯೋಗವಾಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ವೋರಿನೋಸ್ಟಾಟ್ ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲಿ ಇದ್ದವರು 74 ರೋಗಿಗಳು. ಕಾಯಿಲೆ ಗಮನಾರ್ಹವಾಗಿ ತಗ್ಗಿದ್ದು 100ಕ್ಕೆ ಸುಮಾರು 30 ಮಂದಿಗೆ. ರೋಮಿಡೆಪ್ಸಿನ್‌ನದು 34. ಬೇರೆ ಔಷಧಿ ಕೆಲಸ ಮಾಡದೆ ಬಂದವರು ಇವರು ಎಂಬುದನ್ನು ನೆನಪಿಟ್ಟರೆ ಇದು ಸಣ್ಣದಲ್ಲ. ಆದರೆ ಮೂವರಲ್ಲಿ ಇಬ್ಬರಿಗೆ ಅಷ್ಟು ಫಲ ಸಿಗಲಿಲ್ಲ ಎಂಬುದೂ ನಿಜ. ಪ್ಯಾನೋಬಿನೋಸ್ಟಾಟ್ ಸೇರಿಸಿದಾಗ ಮೈಲೋಮಾ ಹತೋಟಿಯಲ್ಲಿ ಇದ್ದ ಅವಧಿ ಸುಮಾರು 8 ತಿಂಗಳಿಂದ 12 ತಿಂಗಳಿಗೆ ಏರಿತು. ಜೊತೆಗೆ ಭೇದಿ, ಸುಸ್ತು, ಪ್ಲೇಟ್‌ಲೆಟ್ ಇಳಿಯುವುದು ಜಾಸ್ತಿಯಾಯಿತು. ಕೆಲವು ವರ್ಷಗಳ ನಂತರ ಅದನ್ನು ಅಮೆರಿಕದ ಮಾರುಕಟ್ಟೆಯಿಂದ ವಾಪಸ್ ತೆಗೆದರು.

ಇಷ್ಟು ಕೇಳಿಸಿಕೊಂಡ ಚಿಕ್ಕಮ್ಮ ಒಂದು ಪ್ರಶ್ನೆ ಹಾಕಿದರು. "ಅಲ್ಲ ಕಣೇ, ಹುಡುಗನ ಕೈ ಕಟ್ಟಿಹಾಕಿದ್ರೆ ಅಂಗಡಿಯಲ್ಲಿರೋ ಸೀರೆ ಎಲ್ಲಾ ಬಿಚ್ಚಿಕೊಂಡು ಬೀಳಲ್ವಾ? ನಮಗೆ ಬೇಕಾದ್ದು ಒಂದೇ ಒಂದು ಅಲ್ವಾ?"

ಈ ಕ್ಷೇತ್ರದ ವಿಜ್ಞಾನಿಗಳ ನಿದ್ದೆ ಕೆಡಿಸಿರುವ ಪ್ರಶ್ನೆ ಇದೇ. ಈಗಿನ ಹೆಚ್ಚಿನ ಔಷಧಿಗಳು ಒಂದೇ ಕೈಯನ್ನು ಹಿಡಿಯುವುದಿಲ್ಲ, ಹಲವು ಎಚ್‌ಡ್ಯಾಕ್‌ಗಳನ್ನು ಒಟ್ಟಿಗೆ ಹಿಡಿಯುತ್ತವೆ. ಕ್ಯಾನ್ಸರ್ ಕೋಶ, ಒಳ್ಳೆಯ ಕೋಶ ಎಂಬ ಭೇದ ಅವಕ್ಕಿಲ್ಲ. ಪ್ಲೇಟ್‌ಲೆಟ್ ಇಳಿಯುವುದು, ಸುಸ್ತಾಗುವುದು ಅದಕ್ಕೇ. ಎಚ್‌ಡ್ಯಾಕ್‌ಗಳಿಗೆ ಹಿಸ್ಟೋನ್ ಅಲ್ಲದ ಬೇರೆ ಕೆಲಸಗಳೂ ಇವೆ. ಎಚ್‌ಡ್ಯಾಕ್6 ಇರುವುದೇ ಹೆಚ್ಚಾಗಿ ಕೋಶಕೇಂದ್ರದ ಹೊರಗೆ. ಕೋಶದ ಒಳಗಿನ ಸಾಗಣೆ ಹಳಿಗಳ ಮೇಲಿಂದ ಅದು ಅಸಿಟೈಲ್ ತೆಗೆಯುತ್ತದೆ, ಕೆಟ್ಟುಹೋದ ಪ್ರೋಟೀನುಗಳನ್ನು ಒಂದೆಡೆ ಗುಡ್ಡೆ ಹಾಕಲು ನೆರವಾಗುತ್ತದೆ. ಮೈಲೋಮಾ ಕೋಶಗಳು ರಾಶಿ ರಾಶಿ ಪ್ರೋಟೀನು ಮಾಡುವುದರಿಂದ ಈ ಕಸ ವಿಲೇವಾರಿ ನಿಂತರೆ ಉಸಿರುಗಟ್ಟುತ್ತವೆ. ಅಲ್ಲಿ ಎಚ್‌ಡ್ಯಾಕ್ ತಡೆಯುವ ಔಷಧಿಯನ್ನು, ಕಸ ವಿಲೇವಾರಿಯ ಇನ್ನೊಂದು ದಾರಿಯನ್ನು ಮುಚ್ಚುವ ಬೋರ್ಟೆಜೋಮಿಬ್ ಎಂಬ ಔಷಧಿಯ ಜೊತೆಗೆ ಕೊಡುವುದರ ಹಿಂದೆ ಈ ಲೆಕ್ಕವೂ ಇತ್ತು.

ಇದಕ್ಕಿಂತ ಎಚ್ಚರಿಕೆ ಕೊಡುವ ಸಂಗತಿ 2013ರಲ್ಲಿ ಬಂತು. ಇಲಿಗಳ ಎಳೆಯ ಟಿ ಕೋಶಗಳಲ್ಲಿ ಎಚ್‌ಡ್ಯಾಕ್1 ಮತ್ತು ಎಚ್‌ಡ್ಯಾಕ್2ರ ಮಟ್ಟ ಬಹಳ ಇಳಿಯುವಂತೆ ಮಾಡಿದರು. ಎರಡೂ ಪೂರ್ತಿ ಹೋದರೆ ಕೋಶಗಳು ಬೆಳೆಯಲೇ ಇಲ್ಲ. ಸ್ವಲ್ಪವೇ ಉಳಿಸಿದಾಗ ಆ ಇಲಿಗಳಿಗೆ ಲಿಂಫೋಮಾ ಬಂತು. ಲಿಂಫೋಮಾಗೆ ಔಷಧಿ ಎಂದು ಯಾವ ಕಿಣ್ವವನ್ನು ತಡೆಯುತ್ತೇವೋ ಅದೇ ಕಿಣ್ವ ಕಡಿಮೆಯಾದರೆ ಲಿಂಫೋಮಾ. ಎರಡೂ ನಿಜ. ಮಡಿಸುವ ಹುಡುಗನ ಕಥೆಯನ್ನು ನೆನಪಿಟ್ಟವರಿಗೆ ಇದು ವಿಚಿತ್ರ ಎನಿಸುವುದಿಲ್ಲ. ಬೆಳೆಯುತ್ತಿರುವ ಕೋಶದಲ್ಲಿ ಆ ಕೈಗಳು ತೆರೆಯಬಾರದ ಜೀನ್‌ಗಳನ್ನು ಮಡಿಸಿಟ್ಟು ಕಾಪಾಡುತ್ತಿರುತ್ತವೆ. ಕ್ಯಾನ್ಸರ್ ಆದ ಕೋಶದಲ್ಲಿ ಅವೇ ಕೈಗಳು ಬೇರೆಯವರ ಮಾತು ಕೇಳಿ ಬೇಕಾದದ್ದನ್ನು ಮುಚ್ಚಿರುತ್ತವೆ. 'ಎಚ್‌ಡ್ಯಾಕ್ ಕ್ಯಾನ್ಸರ್ ತರುತ್ತದೆ' ಎಂಬ ವಾಕ್ಯ ಎಲ್ಲಾದರೂ ಕಂಡರೆ ನಂಬಬೇಡಿ. ಯಾವ ಎಚ್‌ಡ್ಯಾಕ್, ಯಾವ ಕೋಶ, ಯಾವ ಹೊತ್ತು ಎಂದು ಕೇಳಿ.

ಸಂಶೋಧನೆ ಈಗ ಹೋಗುತ್ತಿರುವುದೂ ಆ ಮೂರು ಪ್ರಶ್ನೆಗಳ ಹಿಂದೆಯೇ. ಒಂದೇ ಎಚ್‌ಡ್ಯಾಕ್ ಹಿಡಿಯುವ ಅಣುಗಳಿಗಾಗಿ ಹುಡುಕಾಟ ನಡೆದಿದೆ. 1, 2, 3ರ ಕುಳಿಗಳು ಒಂದನ್ನೊಂದು ಬಹಳ ಹೋಲುವುದರಿಂದ ಇದು ಸುಲಭವಿಲ್ಲ. ಇನ್ನು ಕೆಲವರು ಕಿಣ್ವವನ್ನು ಬಿಟ್ಟು, ಅದಕ್ಕೂ ಕರೆದೊಯ್ಯುವ ಪ್ರೋಟೀನಿಗೂ ನಡುವಿನ ಕೈಹಿಡಿತವನ್ನು ಬಿಡಿಸಲು ನೋಡುತ್ತಿದ್ದಾರೆ. ನನಗೆ ಈ ದಾರಿಯ ಮೇಲೆ ಹೆಚ್ಚು ನಂಬಿಕೆ. ಎಪಿಎಲ್‌ನಲ್ಲಿ ಗೆದ್ದದ್ದು ಇಂಥದೇ ದಾರಿ ಅಲ್ವಾ?

ನಮ್ಮ ಊರಿಗೂ ಈ ಕಥೆಯಲ್ಲಿ ಒಂದು ಪಾಲಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಎದುರು ಬದಿಯ, ಅಂದರೆ ಬಿಚ್ಚುವ ಕೈಗಳ ಮೇಲೆ ಕೆಲಸ ಮಾಡಿತು. ಕ್ರೆಬ್‌ಬಿಪಿಯ ಜೋಡಿಯಂತಿರುವ ಪಿ300 ಎಂಬ ಕಿಣ್ವವನ್ನು ಯಾವುದು ತಡೆಯುತ್ತದೆ ಎಂದು ಹುಡುಕಿದರು. ಸಿಕ್ಕ ಉತ್ತರಗಳು ನಮ್ಮ ತೋಟ, ಅಡುಗೆಮನೆಗಳದ್ದೇ. 2003ರಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಅನಕಾರ್ಡಿಕ್ ಆಮ್ಲ. 2004ರಲ್ಲಿ ಪುನರ್ಪುಳಿಯಿಂದ ಗಾರ್ಸಿನಾಲ್, ಅದೇ ವರ್ಷ ಅರಿಶಿನದ ಕರ್ಕ್ಯುಮಿನ್. ಉತ್ತರ ಕನ್ನಡದವರು ಮುರುಗಲು ಎನ್ನುವುದೂ ಪುನರ್ಪುಳಿಗೇ. ಬಿಚ್ಚುವ ಕೈಯನ್ನು ತಡೆಯುವ ಸಣ್ಣ ಅಣುಗಳು ಆಗ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಕೋಶದಲ್ಲಿ ಆ ಕೈಗಳ ಕೆಲಸ ಏನೆಂದು ಪರೀಕ್ಷಿಸಲು ಇವು ಲ್ಯಾಬಿನಲ್ಲಿ ಒಳ್ಳೆಯ ಉಪಕರಣಗಳಾದವು.

"ಹಾಗಾದ್ರೆ ಚಿಕ್ಕಪ್ಪಂಗೆ ಪುನರ್ಪುಳಿ ಶರಬತ್ತು ಮಾಡಿಕೊಡ್ಲಾ?" ಎಂದು ಚಿಕ್ಕಮ್ಮ ಕೇಳಿದರು. ಕೇಳುತ್ತಾರೆಂದು ನನಗೆ ಗೊತ್ತಿತ್ತು. ಬಾಯಾರಿಕೆಗೆ ಧಾರಾಳವಾಗಿ ಮಾಡಿಕೊಡಿ ಎಂದೆ. ಔಷಧಿ ಎಂದು ಬೇಡ. ಲ್ಯಾಬಿನ ತಟ್ಟೆಯಲ್ಲಿ ಶುದ್ಧ ಗಾರ್ಸಿನಾಲ್ ಮಾಡುವ ಕೆಲಸವನ್ನು ಲೋಟದಲ್ಲಿರುವ ಶರಬತ್ತು ದೇಹದೊಳಗೆ ಮಾಡುತ್ತದೆ ಎಂದುಕೊಳ್ಳುವಂತಿಲ್ಲ. ಮೇಲಾಗಿ ಅದು ತಡೆಯುವುದು ಬಿಚ್ಚುವ ಕೈಯನ್ನು. ಡಾಕ್ಟರು ಹೇಳಿದ ಔಷಧಿ ತಡೆಯುವುದು ಮಡಿಸುವ ಕೈಯನ್ನು. ಇನ್ನು ಕ್ಯಾನ್ಸರ್ ಔಷಧಿ ನಡೆಯುತ್ತಿರುವಾಗ ಅರಿಶಿನದ ಕ್ಯಾಪ್ಸೂಲ್, ಕಷಾಯ ಏನೇ ತೆಗೆದುಕೊಂಡರೂ ಡಾಕ್ಟರಿಗೆ ಹೇಳಲೇಬೇಕು.

ಅವರು ಬ್ಯಾಗಿನಿಂದ ಹಾಲಿನ ಲೆಕ್ಕದ ಪುಸ್ತಕ ತೆಗೆದು ಹಿಂದಿನ ಪುಟದಲ್ಲಿ ಬರೆದುಕೊಂಡರು. ಮುಂದಿನ ಸಲ ಕೇಳಬೇಕಾದ್ದು: ಈಗ ಯಾವ ಹಂತ? ಬೆಳಕಿನ ಚಿಕಿತ್ಸೆ ಎಷ್ಟು ದಿನ? ಆ ಮಾತ್ರೆ ಬೇಕಾಗುವುದು ಯಾವಾಗ? ಕೊಟ್ಟರೆ ಪ್ಲೇಟ್‌ಲೆಟ್ ಎಷ್ಟು ದಿನಕ್ಕೊಮ್ಮೆ ನೋಡಬೇಕು, ಇಸಿಜಿ ತೆಗೀಬೇಕಾ? ಕೊನೆಯಲ್ಲಿ ಪೆನ್ನು ತಡೆದು, ಸ್ವಲ್ಪ ಯೋಚಿಸಿ ಇನ್ನೊಂದು ಸಾಲು ಸೇರಿಸಿದರು: ಒಂದೇ ಸೀರೆ ಬಿಚ್ಚುವ ಔಷಧಿ ಬಂದಿದೆಯಾ?